ತೂಗುಗುಂಡಿನ ಸೀಸ

ನಮ್ಮೂರಿನಲ್ಲಿ ಸೀಸ ತಾನು ಮಾಡಿದ ಕೆಲಸವನ್ನು ಮರೆಯುವುದಿಲ್ಲ. ಕರಗಿಸಿ, ಕಿಟ್ಟ ತೆಗೆದು, ಅಚ್ಚಿಗೆ ಹೊಯ್ದು ಕೋವಿಯ ಗುಂಡು ಮಾಡಿದರೂ ಹಳೆಯ ಕಸುಬು ಅದರೊಳಗೆ ಕೂತೇ ಇರುತ್ತದೆ. ಹೊಸ ಕೆಲಸ ಮಾಡಿದರೆ ಅದೂ ಹೋಗಿ ಪಕ್ಕದಲ್ಲಿ ಕೂರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಬೇರೆ ಊರಿನವರು ಮನುಷ್ಯರ ಬಗ್ಗೆ ಹೇಳುತ್ತಾರಂತೆ, ನಾವು ಸೀಸದ ಬಗ್ಗೆ ಹೇಳುತ್ತೇವೆ. ಆದ್ದರಿಂದ ನಮ್ಮಲ್ಲಿ ಯಾರಾದರೂ ಸೀಸ ತಂದುಕೊಟ್ಟರೆ ಗುಂಡು ಎರೆಯುವವರು ಎಷ್ಟಿದೆ ಅಂತ ಕೇಳುವುದಿಲ್ಲ, ಇದು ಮೊದಲು ಏನಾಗಿತ್ತು ಅಂತ ಕೇಳುತ್ತಾರೆ.

ಕೇಳುವವಳು ನಾನೇ. ನನ್ನ ಹೆಸರು ಸಣ್ಣೀರಮ್ಮ. ನಮ್ಮ ಮನೆತನದಲ್ಲಿ ಕೋವಿ ಕಿರಿಯ ಮಗನದು, ಅಚ್ಚು ಹಿರಿಯ ಸೊಸೆಯದು. ಊರಿಗೆಲ್ಲ ಇರುವುದು ಅದೊಂದೇ ಕೋವಿ, ಒಂದು ಸಲಕ್ಕೆ ಒಂದೇ ಗುಂಡು ತುಂಬುವ ಹಳೆಯ ರೈಫಲ್ಲು. ಬೇರೆ ಮನೆಯವರ ಭುಜಕ್ಕೆ ಅದು ಒಗ್ಗುವುದಿಲ್ಲ. ನಾನು ಮದುವೆಯಾಗಿ ಬಂದ ಮೂರನೆಯ ದಿನವೇ ಅತ್ತೆ ನನ್ನನ್ನು ಹಿತ್ತಲಿನ ಒಲೆಯ ಮುಂದೆ ಕೂರಿಸಿ, ಕಬ್ಬಿಣದ ಸೌಟನ್ನು ಕೈಗೆ ಕೊಟ್ಟು, ಮುಸುರೆ ತಿಕ್ಕುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ, ನೀನು ಇದನ್ನು ಕಲಿ ಅಂದಿದ್ದರು.

ಅವರು ಹೇಳಿಕೊಟ್ಟದ್ದರಲ್ಲಿ ಅರ್ಧ ಎಲ್ಲ ಊರುಗಳಲ್ಲೂ ನಡೆಯುವಂಥದ್ದೇ. ಬರೀ ಸೀಸ ಮೆತ್ತಗಿರುತ್ತದೆ, ಉಗುರಿಗೇ ಗೀರು ಬೀಳುತ್ತದೆ. ಅದರಲ್ಲೇ ಎರೆದರೆ ಗುಂಡು ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಮೆತ್ತಿಕೊಂಡು, ಮುಂದಿನ ಗುಂಡು ಎಲ್ಲಿಗೋ ಹೋಗುತ್ತದೆ. ಒಂದಿಷ್ಟು ತವರ ಬೆರೆಸಿದರೆ ಸೀಸ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಗಟ್ಟಿಯಾಗಬೇಕಾದರೆ ಅಚ್ಚುಕೂಟದ ಮೊಳೆ ಬೇಕು, ಅಂದರೆ ಕಾಗದದ ಮೇಲೆ ಅಕ್ಷರ ಒತ್ತುವ ಆ ಪುಟ್ಟ ಪುಟ್ಟ ಸೀಸದ ತುಂಡುಗಳು. ಅದು ಹೆಚ್ಚಾದರೂ ಕಷ್ಟ, ಗುಂಡು ಮೂಳೆಗೆ ತಗುಲಿದೊಡನೆ ಬಳೆಯ ಹಾಗೆ ಚೂರಾಗುತ್ತದೆ. ಸರಿಯಾದ ಎರಕವನ್ನು ಕಲ್ಲಿನ ಮೇಲೆ ಬೀಳಿಸಿದರೆ ಪೂರ್ತಿ ದಪ್ ಅನ್ನುವುದಿಲ್ಲ, ಪೂರ್ತಿ ಟಣ್ ಅನ್ನುವುದೂ ಇಲ್ಲ, ನಡುವೆ ಒಂದು ಸದ್ದು ಬರುತ್ತದೆ. ಆ ಸದ್ದು ನನ್ನ ಕಿವಿಗೆ ಹತ್ತಲು ಎರಡು ವರ್ಷ ಹಿಡಿಯಿತು. ಒಲೆಯನ್ನು ಬಯಲಿನಲ್ಲೇ ಹೂಡಬೇಕು, ಹೊಗೆ ಕುಡಿಯಬಾರದು, ಕೈ ತೊಳೆಯದೆ ಅನ್ನ ಮುಟ್ಟಬಾರದು ಎಂಬುದನ್ನು ಮಾತ್ರ ಒಂದೇ ದಿನದಲ್ಲಿ ಕಲಿತೆ, ಯಾಕೆಂದರೆ ಮರೆತರೆ ಅತ್ತೆ ಸೌಟಿನ ಹಿಡಿಯಲ್ಲೇ ಬಾರಿಸುತ್ತಿದ್ದರು.

ಉಳಿದರ್ಧ ನಮ್ಮೂರಿಗೆ ಮಾತ್ರ ಬೇಕಾದದ್ದು. ನೀರು ಸೋರದಂತೆ ಕೊಳವೆಯ ಸಂದುಗಳಿಗೆ ಹೊಯ್ದಿದ್ದ ಸೀಸದಲ್ಲಿ ಗುಂಡು ಮಾಡಿದರೆ ಹೊಡೆಸಿಕೊಂಡ ಜಿಂಕೆಯಿಂದ ಒಂದು ಹನಿ ರಕ್ತವೂ ಸೋರುವುದಿಲ್ಲ, ಜಾಡು ಹಿಡಿಯುವವರು ಸಂಜೆಯವರೆಗೂ ಪೊದೆ ಪೊದೆ ತಡಕಾಡಬೇಕು. ಬ್ಯಾಟರಿಯ ಸೀಸವಂತೂ ವಿಷ, ಅದನ್ನು ಒಲೆಗೆ ಇಡುವುದೇ ತಪ್ಪು. ಯಾವನೋ ಒಬ್ಬ ಇಟ್ಟಿದ್ದನಂತೆ. ಅವನ ಗುಂಡಿಗೆ ಬಿದ್ದ ಕಡವೆ ಒಂದು ರಾತ್ರಿ ಸುಧಾರಿಸಿಕೊಂಡು, ಬೆಳಿಗ್ಗೆ ಎದ್ದು, ಮೈ ಕೊಡವಿಕೊಂಡು ಹೋಯಿತಂತೆ. ಬೆಸುಗೆ ಹಾಕುವ ಸೀಸದ ಕಥೆ ಇನ್ನೂ ಚೆನ್ನಾಗಿದೆ, ಅದು ಹೊಕ್ಕ ಗಾಯ ಅಲ್ಲೇ ಕೂಡಿಕೊಳ್ಳುತ್ತದೆ. ನಮ್ಮ ಮಾವನವರ ತಂದೆಯ ಕಾಲದಲ್ಲಿ ಒಂದು ಸಾರಂಗ ಅಂಥ ನಾಲ್ಕು ಗುಂಡು ತಿಂದು, ಮೊದಲಿಗಿಂತ ಗಟ್ಟಿಯಾಗಿ, ಮುದಿಯಾಗಿ ಸತ್ತಿತಂತೆ. ಅಚ್ಚುಮೊಳೆಯ ಸೀಸಕ್ಕೆ ಸುದ್ದಿ ಹರಡುವ ಚಾಳಿ. ಒಂದು ವರ್ಷ ಅತ್ತೆ ಗಟ್ಟಿಯಾಗಲಿ ಅಂತ ಮೊಳೆಯನ್ನು ಹೆಚ್ಚಾಗಿ ಹಾಕಿದ್ದಕ್ಕೆ, ಒಂದು ಮೊಲಕ್ಕೆ ಗುಂಡು ಬಿದ್ದದ್ದು ಕಾಡಿಗೆಲ್ಲ ಗೊತ್ತಾಗಿ ಎಂಟು ತಿಂಗಳು ಊರು ಸೊಪ್ಪು ತಿಂದುಕೊಂಡಿತ್ತು. ಪೇಟೆಯಿಂದ ಪೆಟ್ಟಿಗೆಯಲ್ಲಿ ಬರುವ ಗುಂಡುಗಳಿಗೆ ಈ ಊರಿನ ಗುರುತೇ ಇಲ್ಲ, ಅವು ನಳಿಗೆ ಬಿಟ್ಟ ಕೂಡಲೇ ಬಸ್ಸಿನ ದಾರಿ ಹಿಡಿಯುತ್ತವೆ.

ನಮಗೆ ಒಗ್ಗಿದ್ದು ಲಾರಿ ಚಕ್ರದ ಸೀಸ. ಚಕ್ರ ಅಲುಗದೆ ಸುತ್ತಲಿ ಎಂದು ಅಂಚಿಗೆ ಸಿಕ್ಕಿಸುವ ಪುಟ್ಟ ತೂಕಗಳವು, ಟೈರಿನ ಅಂಗಡಿಯ ರಹಮತ್ ಸಾಬರು ಡಬ್ಬದಲ್ಲಿ ಕೂಡಿಹಾಕಿ ಕೊಡುತ್ತಿದ್ದರು. ಅದಕ್ಕೆ ಗೊತ್ತಿದ್ದ ಕೆಲಸ ಒಂದೇ, ಅಲುಗದೆ ಸುತ್ತುವುದು. ನಳಿಗೆಯೂ ಗುಂಡನ್ನು ಸುತ್ತಿಸಿಯೇ ಬಿಡುತ್ತದೆ. ಇಬ್ಬರಿಗೂ ಹೊಂದಿಕೆಯಾಗಿ ಇಪ್ಪತ್ತು ವರ್ಷ ನಾವು ಬೇರೆ ಸೀಸದ ಮುಖ ನೋಡಲಿಲ್ಲ. ಆಮೇಲೆ ಚಕ್ರಕ್ಕೆ ಸತುವಿನ ತೂಕ ಹಾಕಲು ಶುರುವಾಯಿತು. ನೋಡಲು ಹಾಗೇ ಇದ್ದವು. ಒಂದು ದಿನ ಅಂಥದ್ದೊಂದು ನನ್ನ ಕಣ್ತಪ್ಪಿಸಿ ಮೂಸೆಯೊಳಗೆ ಹೋಗಿ, ಸೀಸವೆಲ್ಲ ಹೆಚ್ಚು ಬೆಂದ ಉಪ್ಪಿಟ್ಟಿನ ಹಾಗೆ ಮುದ್ದೆಮುದ್ದೆಯಾಯಿತು. ಇದ್ದ ಸಂಗ್ರಹವೆಲ್ಲ ಅದರಲ್ಲೇ ಹಾಳಾಯಿತು.

ಆಗಲೇ ನಾನು ತೂಗುಗುಂಡಿನ ತಪ್ಪು ಮಾಡಿದ್ದು.

ನಮ್ಮ ಯಜಮಾನರು ಗಾರೆ ಕೆಲಸದವರು. ಜ್ವರದಲ್ಲಿ ತೀರಿಕೊಂಡಾಗ ಅವರದು ಅಂತ ನನ್ನ ಹತ್ತಿರ ಉಳಿದದ್ದು ಒಂದು ಕರಣೆ, ಒಂದು ತೂಗುಗುಂಡು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಆ ಸೀಸದ ತೂಕ. ಊರಿನ ಅರ್ಧ ಗೋಡೆಗಳು ಅದನ್ನು ನೋಡಿಕೊಂಡೇ ಎದ್ದು ನಿಂತಂಥವು. ಇದಕ್ಕಿಂತ ನೇರವಾದ ಸೀಸ ಎಲ್ಲಿ ಸಿಗುತ್ತದೆ ಅಂದುಕೊಂಡೆ. ಕೊಡಲು ಮನಸ್ಸಿರಲಿಲ್ಲ, ಆದರೂ ಮನೆಯ ಕೋವಿಗೆ ಅವರ ಸೀಸವೇ ಹೋಗಲಿ ಎಂದು ಒಂದು ಥರದ ಹೆಮ್ಮೆಯೂ ಬಂತು. ಬಹಳ ಚಿಕ್ಕದು ಅದು, ಎರಡು ಗುಂಡು ಮಾಡುವಷ್ಟು ಸೀಸವೂ ಇರಲಿಲ್ಲ. ಒಂದೇ ಒಂದು ಎರೆದು ನನ್ನ ಮೈದುನ ಓಬಳೇಶನ ಕೈಗೆ ಕೊಟ್ಟೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹೊಸ ಎರಕದ ಮೊದಲ ಗುಂಡು ಹಾರಿಸುವಾಗ ಎರೆದವಳು ಗುರಿಕಾರನ ಎಡಗಡೆ ನಿಂತಿರಬೇಕು. ತಪ್ಪಾದರೆ ಇಬ್ಬರಿಗೂ ಆಗಲಿ ಅಂತ ಅದರ ಅರ್ಥ. ಅತ್ತೆ ಎಪ್ಪತ್ತನೆಯ ವಯಸ್ಸಿನಲ್ಲೂ ಕೋಲೂರಿಕೊಂಡು ಹೋಗಿ ನಿಂತಿದ್ದರು. ಅವತ್ತು ನಾನು ಹೋಗಲಿಲ್ಲ. ಪಕ್ಕದ ಬೀದಿಯಲ್ಲಿ ನಾಮಕರಣವಿತ್ತು, ಒಬ್ಬಟ್ಟು ಮಾಡಿದ್ದರು. ಯಜಮಾನರ ಸೀಸ ಸೊಟ್ಟ ಹೋಗುವುದುಂಟೆ ಎಂದು ಓಬಳೇಶನಿಗೆ ಹೇಳಿ, ಸೀರೆ ಬದಲಿಸಿ ಊಟಕ್ಕೆ ಹೋದೆ.

ಸೀಸ ಸೊಟ್ಟ ಹೋಗಲಿಲ್ಲ. ನೇರವಾಗಿಯೇ ಹೋಯಿತು, ಕೆಳಕ್ಕೆ. ತೂಗುಗುಂಡಿಗೆ ಗೊತ್ತಿರುವ ನೇರ ಅದೊಂದೇ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ನಳಿಗೆಯ ತುದಿ ಬಿಟ್ಟದ್ದೇ ತಡ ಬಗ್ಗಿ, ಓಬಳೇಶನ ಬಲಪಾದವನ್ನು ತೂರಿ ನೆಲದೊಳಗೆ ಹೊರಟುಹೋಯಿತು. ಗೆಣಸಿನ ಹೊಲದಂಚಿನಿಂದ ಅವನು ತೆವಳಿಕೊಂಡು ಊರು ಸೇರುವ ಹೊತ್ತಿಗೆ ನಾನು ಎರಡನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ. ಆಮೇಲೆ ನಾನು ಒಬ್ಬಟ್ಟು ತಿಂದಿಲ್ಲ.

ಗಾಯ ವಾಸಿಯಾಯಿತು, ಕಾಲು ಕುಂಟಾಯಿತು. ಓಬಳೇಶ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಾತೇ ಬಿಟ್ಟ. ಮದುವೆಯಾಗದ ಗಂಡಸು, ನನ್ನ ಮನೆಯಲ್ಲೇ ಊಟ. ನಾನು ಹಾಕಿದ ಮುದ್ದೆ ತಿನ್ನುತ್ತಿದ್ದ, ನಾನು ಇಟ್ಟ ನೀರು ಕುಡಿಯುತ್ತಿದ್ದ, ಏನಾದರೂ ಹೇಳುವುದಿದ್ದರೆ ಕೊಟ್ಟಿಗೆಯ ಎಮ್ಮೆಗೆ ಹೇಳುತ್ತಿದ್ದ. ಸಾರಿಗೆ ಉಪ್ಪು ಕಮ್ಮಿಯಾಗಿದೆ ಎಂದು ಎಮ್ಮೆಗೆ ತಿಳಿಸಿದರೆ ನಾನು ಉಪ್ಪು ತಂದಿಡುತ್ತಿದ್ದೆ. ನಾನೂ ಸೋಲಲಿಲ್ಲ, ತಪ್ಪಾಯಿತು ಅನ್ನುವ ಮಾತು ಗಂಟಲಿನವರೆಗೆ ಬಂದು ಬಂದು ವಾಪಸು ಹೋಗುತ್ತಿತ್ತು. ನಾಲ್ಕು ವರ್ಷ ಹೀಗೇ ಕಳೆಯಿತು.

ಕೋವಿಯನ್ನು ಚಾವಡಿಯ ತೊಲೆಗೆ ತೂಗುಹಾಕಿ ಓಬಳೇಶ ಬಾವಿ ತೋಡಲು ಶುರುಮಾಡಿದ. ಅದೂ ತಾನು ಬಿದ್ದ ಜಾಗದಲ್ಲೇ. ಕುಂಟ ಬಾವಿ ತೋಡುತ್ತಾನಂತೆ ಎಂದು ಊರೆಲ್ಲ ನಕ್ಕಿತು. ಬೆಳಿಗ್ಗೆ ಹಗ್ಗ ಹಿಡಿದು ಇಳಿದರೆ ಸಂಜೆಗೆ ಹತ್ತುತ್ತಿದ್ದ. ಏಳು ಆಳಿನೆತ್ತರದಷ್ಟು ಇಳಿದಾಗ ಸಿಹಿನೀರು ಬಂತು. ಊರಿನವರು ಕೊಡ ಹಿಡಿದು ಬಂದರು, ಪೂಜೆಗೆ ಕಾಯಿ ತಂದರು. ಇವನು ಮಾತ್ರ ನಿಲ್ಲಿಸಲಿಲ್ಲ. ಎದೆಮಟ್ಟದ ನೀರನ್ನು ಬೆಳಗೆಲ್ಲ ಮೊಗೆದು ಹಾಕಿ ಮತ್ತೆ ಅಗೆದ. ನೀರು ಬಂದ ಮೇಲೂ ಅಗೆಯುವ ಹುಚ್ಚನನ್ನು ನಾವು ನೋಡಿರಲಿಲ್ಲ. ಹನ್ನೊಂದು ಆಳಿಗೆ ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲಿಸಿ, ಮೇಲೆ ಬಂದು, ಸ್ನಾನ ಮಾಡಿ, ಎರಡು ಹಗಲು ನಿದ್ದೆ ಮಾಡಿದ. ಆ ಬಾವಿಯಷ್ಟು ನೆಟ್ಟಗಿನ ಬಾವಿ ಸುತ್ತಮುತ್ತ ಎಲ್ಲೂ ಇಲ್ಲ. ಕುಂಟನ ಬಾವಿ ಅಂತಲೇ ಅದರ ಹೆಸರು, ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಈ ವರ್ಷ ಗೆಣಸು ಬಲಿಯುವ ಹೊತ್ತಿಗೆ ಒಂಟಿ ಹಂದಿ ಬಂತು. ಬೆಟ್ಟದಿಂದ ದಿನಾ ಬೆಳಗಿನ ಜಾವಕ್ಕೆ ಇಳಿಯುತ್ತಿತ್ತು. ಮೊದಲು ಹೊಲ ಕೆದರಿತು, ಆಮೇಲೆ ಒಂದು ನಾಯಿಯನ್ನು ಸೀಳಿತು, ಕೊನೆಗೆ ಕೆರೆ ಏರಿಯ ಮೇಲೆ ಬಲೆ ಹೊತ್ತುಕೊಂಡು ಬರುತ್ತಿದ್ದ ಬೆಸ್ತರ ಸಿರಿಯಮ್ಮನ ತೊಡೆಯನ್ನು ಕೋರೆಯಿಂದ ಬಗೆಯಿತು. ಅವಳು ಬದುಕಿದ್ದು ಬಲೆಯಿಂದ. ಹಂದಿ ಬಲೆಗೆ ಸಿಕ್ಕಿಕೊಂಡು, ಅದನ್ನು ಚಿಂದಿ ಮಾಡಿ ಬಿಡಿಸಿಕೊಳ್ಳುವಷ್ಟರಲ್ಲಿ ಜನ ಸೇರಿದರು.

ಹಿರಿಯರು ಚಾವಡಿಯಲ್ಲಿ ಕೂತು ಕೋವಿ ಇಳಿಸಿದರು. ಕೋವಿ ಓಬಳೇಶನದು, ಬೇರೆಯವರು ಹಾರಿಸುವ ಹಾಗಿಲ್ಲ. ಆದರೆ ಗುಂಡು ತಪ್ಪಿದರೆ, ಇಲ್ಲವೇ ಪೆಟ್ಟು ತಿಂದ ಹಂದಿ ತಿರುಗಿ ಬಿದ್ದರೆ, ಓಡುವವನಿಗೆ ಕಾಲು ಬೇಕು, ಮರ ಹತ್ತುವವನಿಗೂ ಕಾಲು ಬೇಕು. ಇವನಿಗೆ ಇರುವುದು ಒಂದು. ಎಲ್ಲರಿಗೂ ಅದು ಗೊತ್ತಿತ್ತು. ಓಬಳೇಶ ಕೋವಿಯನ್ನು ತಂದು ನನ್ನ ಗೋಡೆಗೆ ಒರಗಿಸಿ, ಎಮ್ಮೆಯ ಬೆನ್ನು ಸವರುತ್ತ ಹೇಳಿದ, 'ಇನ್ನೈದು ದಿನ ಬಿಟ್ಟು ಹೋಗ್ಬೇಕು ಕಣೆ. ಒಂದು ಗುಂಡು ಬೇಕಾಯ್ತದೆ.'

ಈ ಸಲ ಸೀಸ ತಪ್ಪಿದರೆ ಪಾದ ಹೋಗಿ ಮುಗಿಯುವುದಿಲ್ಲ, ಆಳೇ ಹೋಗುತ್ತಾನೆ. ಅವನು ಹೋದರೆ ಬರೀ ಕೋವಿಯ ವಾರಸುದಾರ ಹೋದ ಹಾಗಲ್ಲ, ನನಗೆ ಅಂತ ಈ ಭೂಮಿಯ ಮೇಲೆ ಇರುವವನು ಅವನೊಬ್ಬನೇ.

ಮನೆಯಲ್ಲಿದ್ದ ಸೀಸವನ್ನೆಲ್ಲ ಅಂಗಳಕ್ಕೆ ಸುರಿದೆ. ಕೊಳವೆಯದು, ಬೆಸುಗೆಯದು, ಊರಿನ ಕಿರಾಣಿ ಅಂಗಡಿಯ ಹಳೆಯ ತಕ್ಕಡಿಯ ಬಟ್ಟು ಒಂದು. ತಕ್ಕಡಿಯದು ನ್ಯಾಯವಾಗಿರುತ್ತದೆ ಅಂತ ಒಂದು ಗಳಿಗೆ ಆಸೆಯಾಯಿತು, ಆದರೆ ಆ ಅಂಗಡಿಯವನು ಯಾವತ್ತೂ ಸರಿಯಾಗಿ ತೂಗಿದವನಲ್ಲ, ಪ್ರತಿ ಸಲ ಒಂದು ಬೆರಳು ಈಚೆಗೇ. ಒಂದು ಬೆರಳು ಈಚೆ ಹೊಡೆದರೆ ಹಂದಿಗೆ ಕಿವಿ ಕೆರೆದ ಹಾಗಾಗುತ್ತದೆ ಅಷ್ಟೆ. ಬದಿಗಿಟ್ಟೆ. ರಹಮತ್ ಸಾಬರ ಅಂಗಡಿಗೆ ಹೋದೆ, ಅವರು ಡಬ್ಬ ತಲೆಕೆಳಗೆ ಮಾಡಿ ತೋರಿಸಿ, ಸತು ಬಿಟ್ಟರೆ ಕಬ್ಬಿಣ ತಾಯಿ, ಸೀಸದ ಕಾಲ ಮುಗಿಯಿತು ಅಂದರು.

ದಾರಿಯಲ್ಲಿ ಸಿರಿಯಮ್ಮನನ್ನು ನೋಡಿ ಹೋಗೋಣ ಎಂದು ಒಳಗೆ ಹೋದೆ. ತೊಡೆಗೆ ಕಟ್ಟು ಕಟ್ಟಿಕೊಂಡು ಮಲಗಿದ್ದಳು, ನೋವಿಗಿಂತ ಬಲೆಯ ಚಿಂತೆಯೇ ಹೆಚ್ಚಾಗಿತ್ತು ಅವಳಿಗೆ. ಹರಿದ ಬಲೆ ಮೂಲೆಯಲ್ಲಿ ಬಿದ್ದಿತ್ತು, ಅಂಚಿನುದ್ದಕ್ಕೂ ಸೀಸದ ಮಣಿಗಳು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, ಹೊಸದು ಹೆಣೆಯುವವರೆಗೂ ಅದು ಸುಮ್ಮನೆ ಬಿದ್ದಿರುತ್ತದೆ, ಬೇಕಾದರೆ ತಗೊಂಡು ಹೋಗು ಅಂದಳು.

ಬಲೆಯ ಸೀಸವನ್ನು ಮುಟ್ಟಬೇಡ ಎಂದು ಅತ್ತೆ ಸಾಯುವಾಗಲೂ ಹೇಳಿದ್ದರು. 'ಅದು ಬ್ಯಾಡ ಸಿರಿಯಮ್ಮ,' ಅಂದೆ. 'ಬಲೆ ಸೀಸ ಬೀಸಿದವನ ಕೈಗೇ ವಾಪಸು ಬರ್ತದೆ.'

'ಬರ್ತದೆ,' ಅಂದಳು ಸಿರಿಯಮ್ಮ. 'ಬರಿಗೈಲಿ ಬಂದಿದ್ದು ಯಾವತ್ತು ನೋಡಿದೀಯ?'

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮಣಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಅತ್ತೆಯ ಕಾಲದಲ್ಲಿ ಗುರಿಕಾರರಿಗೆ ಎರಡೂ ಕಾಲು ಗಟ್ಟಿಯಾಗಿದ್ದವು, ಹೊಡೆದು, ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಿದ್ದರು. ಅಂಥವರಿಗೆ ಬೇಟೆ ತಮ್ಮ ಕಡೆಗೇ ತಿರುಗಿದರೆ ಅದು ಅನಾಹುತ. ಓಬಳೇಶ ಅಟ್ಟಿಸಿಕೊಂಡು ಹೋಗುವವನಲ್ಲ. ಹಂದಿ ಅವನ ಹತ್ತಿರ ಬರಬೇಕು, ಬರುವಷ್ಟರಲ್ಲಿ ಸತ್ತಿರಬೇಕು. ಹೇಳುವುದು ಸುಲಭ.

ಒಂದು ಮಣಿ ಕರಗಿಸಿ ಸಾಸಿವೆಯಷ್ಟು ಹನಿ ಮಾಡಿ ಹಿತ್ತಲಿನ ತಿಪ್ಪೆಯ ಕಡೆಗೆ ಎಸೆದೆ. ಪಾತ್ರೆ ತೊಳೆದು ಬರುವಷ್ಟರಲ್ಲಿ ಅದು ಹೊಸಿಲಿನ ಹತ್ತಿರ ಬಂದು ಕೂತಿತ್ತು, ಜೊತೆಗೊಂದು ಸಗಣಿಹುಳ. ಹುಳಕ್ಕೆ ಜೀವವಿತ್ತು, ಆರೂ ಕಾಲು ಒದರಿಕೊಂಡು ಸಿಟ್ಟಾಗಿತ್ತು. ಮೆತ್ತನೆಯ ಸೀಸ ಚರ್ಮದಡಿಯಲ್ಲೇ ನಿಂತು, ಹಂದಿಯನ್ನು ಜೀವಸಹಿತ ತಂದು ಓಬಳೇಶನ ಮುಂದೆ ನಿಲ್ಲಿಸಿಬಿಡುತ್ತದೆ. ಗಟ್ಟಿ ಮಾಡಲೇಬೇಕು.

ಗಟ್ಟಿ ಅಂದರೆ ಅಚ್ಚುಮೊಳೆ. ಶೇಷಗಿರಿ ರಾಯರ ಅಚ್ಚುಕೂಟ ಮುಚ್ಚಿ ಬಹಳ ವರ್ಷವಾಗಿದ್ದರೂ ಮೊಳೆಗಳನ್ನು ಅವರು ಇನ್ನೂ ಖಾನೆ ಖಾನೆಯಲ್ಲಿ ಜೋಡಿಸಿಟ್ಟುಕೊಂಡಿದ್ದಾರೆ, ವಾರಕ್ಕೊಮ್ಮೆ ಒರೆಸುತ್ತಾರೆ. ನಾನು ವಿಷಯ ಹೇಳಿದೆ. ರಾಯರು ಕನ್ನಡಕ ಏರಿಸಿಕೊಂಡು ಯಾವ ಮೊಳೆ ಕೊಡಬೇಕೆಂದು ಬಹಳ ಹೊತ್ತು ಯೋಚಿಸಿದರು. ಮದುವೆ ಕಾಗದಕ್ಕೆ ಜೋಡಿಸುತ್ತಿದ್ದ ಮೊಳೆ ಹತ್ತಿರದಲ್ಲೇ ಇತ್ತು, ಅದನ್ನು ಹಾಕಿದರೆ ಬೆಟ್ಟದ ಹಂದಿಗಳೆಲ್ಲ ಸಕುಟುಂಬ ಸಪರಿವಾರ ಬಂದು ಕೂರುತ್ತವೆ ಅಂತ ಅವರೇ ಬೇಡವೆಂದರು. ಕೊನೆಗೆ ಒಳಗಿನ ಕಪಾಟಿನಿಂದ ತಿಥಿ ಕಾಗದದ ಮೊಳೆಗಳನ್ನು ತೆಗೆದು ಒಂದು ಹಿಡಿ ಕೊಟ್ಟರು. ಕೊಡುವಾಗ ಅವರ ಕಣ್ಣು ತುಂಬಿತ್ತು. ನನ್ನ ಯಜಮಾನರ ತಿಥಿ ಕಾಗದವೂ ಅವುಗಳಲ್ಲೇ ಅಚ್ಚಾಗಿದ್ದು.

ಎರಡು ದಿನ ಪಾಲು ಹಿಡಿದು ಹಿಡಿದು ನೋಡಿದೆ. ಬಲೆಯದು ಎಂಟಕ್ಕೆ ಮೊಳೆಯದು ಒಂದು ಹಾಕಿದರೆ ಕಲ್ಲಿನ ಮೇಲೆ ಇನ್ನೂ ದಪ್ ಅನ್ನುತ್ತಿತ್ತು. ನಾಲ್ಕಕ್ಕೆ ಒಂದಾದಾಗ ಟಣ್ ಅಂದು, ಸುತ್ತಿಗೆಯ ಏಟಿಗೆ ಬಿರುಕು ಬಿಟ್ಟಿತು. ಆರಕ್ಕೆ ಒಂದು ಹಾಕಿ, ಹಳೆಯ ಕಲಾಯಿಯ ತವರ ಒಂದು ಚೂರು ಬೆರೆಸಿ, ಜೇನುಮೇಣ ಹಾಕಿ ಕಲಕಿ, ಕಿಟ್ಟ ತೆಗೆದು ಒಂದು ಹನಿ ಬೀಳಿಸಿದೆ. ಅತ್ತೆ ಕಲಿಸಿದ ಸದ್ದು ಬಂತು. ಅದನ್ನು ತಿಪ್ಪೆಗೆ ಎಸೆದಾಗ ಸಗಣಿಹುಳ ಸತ್ತೇ ಬಂತು. ಆಮೇಲೆ ಎರಡು ದಿನ ನಮ್ಮ ಹಿತ್ತಲಿನಲ್ಲಿ ಒಂದು ಸಗಣಿಹುಳವೂ ಕಾಣಲಿಲ್ಲ, ಸುದ್ದಿ ಮುಟ್ಟಿತ್ತು. ಆದರೆ ಹುಳ ಬೇರೆ, ಹಂದಿ ಬೇರೆ. ಆ ಎರಡು ದಿನ ನನಗೆ ಊಟ ಸೇರಲಿಲ್ಲ.

ನಾಲ್ಕನೆಯ ದಿನ ಗುಂಡನ್ನು ಊಟದ ತಟ್ಟೆಯ ಪಕ್ಕ ಇಟ್ಟೆ. ಯಾವ ಸೀಸ, ಯಾಕೆ, ಹಂದಿ ಏನು ಮಾಡಬಹುದು ಎಲ್ಲವನ್ನೂ ಹೇಳಿದೆ. ಅತ್ತೆ ಬೇಡವೆಂದಿದ್ದ ಸೀಸ ಅಂತಲೂ ಹೇಳಿದೆ, ಮುಚ್ಚಿಡಲಿಲ್ಲ. ಬೆಳಿಗ್ಗೆ ನಾನೂ ಬರುತ್ತೇನೆ, ಎಡಗಡೆ ನಿಲ್ಲುತ್ತೇನೆ ಅಂದೆ. ಓಬಳೇಶ ಗುಂಡನ್ನು ಬೆರಳುಗಳ ನಡುವೆ ಉರುಳಿಸಿ ನೋಡಿದ. ಕೈ ತೊಳೆದು ಕೊಟ್ಟಿಗೆಗೆ ಹೋದವನು ಎಮ್ಮೆಗೆ, 'ಬಂದ್ರೆ ಬರ್ಲಿ ಬಿಡು, ನಾನಂತೂ ಓಡೋನಲ್ಲ' ಅಂದದ್ದು ಕೇಳಿಸಿತು. ಅದು ಹಂದಿಯ ವಿಷಯವೋ ನನ್ನ ವಿಷಯವೋ ಗೊತ್ತಾಗಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ನಾವು ಕುಂಟನ ಬಾವಿಯ ಹತ್ತಿರ ಇದ್ದೆವು. ಕುಂಟು ಕಾಲಿಗೆ ಆಸರೆಯಾಗಲಿ ಎಂದು ಅವನು ಬಾವಿಯ ಕಟ್ಟೆಗೆ ಸೊಂಟ ಒರಗಿಸಿ ನಿಂತ. ನಾನು ಎಡಗಡೆ ನಿಂತೆ. ಮಂಜು ಗೆಣಸಿನ ಬಳ್ಳಿಯ ಮೇಲೆ ಮೊಣಕಾಲಿನಷ್ಟು ಎತ್ತರಕ್ಕೆ ಕೂತಿತ್ತು. ಹಂದಿ ಮೊದಲು ಕಾಣಲಿಲ್ಲ, ಅಗಿಯುವ ಸದ್ದು ಕೇಳಿತು. ಆಮೇಲೆ ಮಂಜಿನ ಮೇಲೆ ಕಪ್ಪು ಬೆನ್ನು ಎದ್ದಿತು, ಎಪ್ಪತ್ತು ಮಾರು ದೂರದಲ್ಲಿ.

ಓಬಳೇಶ ಉಸಿರು ಬಿಗಿಹಿಡಿದು ಕೋವಿಯ ಕುದುರೆ ಎಳೆದ. ಸೀಸ ಕೆಳಕ್ಕೆ ಬರಲಿಲ್ಲ ಎಂಬುದನ್ನು ಮೊದಲು ನೋಡಿಕೊಂಡೆ. ಹಂದಿಗೆ ತಗುಲಿದ ಸದ್ದು ಸ್ಪಷ್ಟವಾಗಿ ಬಂತು. ಅದು ಬೆಟ್ಟದ ಕಡೆ ತಿರುಗಿ ಹತ್ತು ಹೆಜ್ಜೆ ಓಡಿ, ಏನೋ ಹಿಡಿದು ನಿಲ್ಲಿಸಿದಂತೆ ನಿಂತಿತು. ಮತ್ತೆ ನಮ್ಮ ಕಡೆ ತಿರುಗಿ ಬರತೊಡಗಿತು. ಬರಲು ಅದಕ್ಕೆ ಮನಸ್ಸಿರಲಿಲ್ಲ. ಮುಂಗಾಲು ನೆಲಕ್ಕೂರಿ ಹಿಂದಕ್ಕೆ ಜಗ್ಗುತ್ತಿತ್ತು, ಬಲೆಗೆ ಬಿದ್ದ ದೊಡ್ಡ ಮೀನಿನಂತೆ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಎಳೆದಾಡುತ್ತಿತ್ತು, ಆದರೂ ಬರುತ್ತಲೇ ಇತ್ತು. ಐವತ್ತು ಮಾರು, ಮೂವತ್ತು ಮಾರು. ಕೋವಿಗೆ ಇನ್ನೊಂದು ಗುಂಡಿಲ್ಲ. ಬಳ್ಳಿಗಳು ಕಿತ್ತು ಅದರ ಕಾಲಿಗೆ ಸುತ್ತಿಕೊಂಡಿದ್ದವು. ಹತ್ತು ಮಾರಿಗೆ ಬಂದಾಗ ಕಣ್ಣು ಕಾಣಿಸಿತು, ಜೀವ ಇನ್ನೂ ಇತ್ತು. ನನ್ನ ಲೆಕ್ಕ ತಪ್ಪಿತು ಅಂದುಕೊಂಡೆ, ಆರಕ್ಕೆ ಒಂದು ಸಾಲದಾಗಿತ್ತು. ಕಾಲು ಓಡು ಅಂದಿತು. ಓಬಳೇಶನ ಅಂಗಿಯ ತೋಳನ್ನು ಹಿಡಿದುಕೊಂಡು ಅಲ್ಲೇ ನಿಂತೆ.

'ಅತ್ಗೆ, ಹಿಂದಕ್ಕೆ ಹೋಗಿ,' ಅಂದ ಓಬಳೇಶ.

ನಾಲ್ಕು ವರ್ಷದ ಮೇಲೆ ನನಗೆ ಅಂತ ಆಡಿದ ಮೊದಲ ಮಾತು. 'ಹೋಗಲ್ಲ,' ಅಂದೆ.

ಎರಡು ಮಾರಿದೆ ಅನ್ನುವಾಗ ಹಂದಿಯ ಮುಂಗಾಲು ಮಡಚಿತು. ಜಾರಿಕೊಂಡು ಬಂದು, ಮೂತಿಯನ್ನು ಅವನ ಬಲಪಾದದ ಮೇಲೆ, ಆ ಕುಂಟು ಪಾದದ ಮೇಲೇ ಇಟ್ಟು, ಒಂದು ಸಲ ಉಸಿರು ಬಿಟ್ಟು ಸುಮ್ಮನಾಯಿತು. ಅವನ ಕಾಲು ಬೆಚ್ಚಗಾಗಿರಬೇಕು.

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಅಳು ಬಂತು, ತಡೆಯಲಿಲ್ಲ. ನಾಲ್ಕು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹಂದಿಯ ಹೆಣದ ಮುಂದೆ ಹೊರಗೆ ಬಂತು. ತಪ್ಪಾಯಿತು ಕಣಪ್ಪ, ಕಾಲು ತೆಗೆದೆ ನಿನ್ನದು ಅಂದೆ. ಓಬಳೇಶ ಪಾದವನ್ನು ಮೆಲ್ಲಗೆ ಎಳೆದುಕೊಂಡು ನನ್ನ ಪಕ್ಕ ಕೂತ.

'ಕಾಲಿಗಲ್ಲ ಅತ್ಗೆ,' ಅಂದ. 'ಕಾಲು ಹೋದ್ರೆ ಹೋಗ್ಲಿ. ನಾನು ಬಿದ್ದಾಗ ಎಡಗಡೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.'

ಅವನು ಉಡಿದಾರಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯ ಗಂಟನ್ನು ಬಿಚ್ಚಿ ನನ್ನ ಅಂಗೈಯಲ್ಲಿ ಏನನ್ನೋ ಇಟ್ಟ. ನೀರಲ್ಲಿ ನೆನೆದು ಬೆಳ್ಳಗಾಗಿದ್ದ ಒಂದು ಗುಂಡು. ನಾನೇ ಎರೆದದ್ದು, ಅಚ್ಚಿನ ಸಣ್ಣ ಕಚ್ಚು ಬುಡದಲ್ಲಿ ಹಾಗೇ ಇತ್ತು.

'ಅಣ್ಣಂದು,' ಅಂದ. 'ಹನ್ನೊಂದಾಳು ಇಳಿದಿತ್ತು. ಮಣ್ಣಲ್ಲಿ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ.'

ಬಾವಿಯೊಳಗೆ ಬಗ್ಗಿ ನೋಡಿದೆ. ಅಷ್ಟು ನೆಟ್ಟಗಿನ ಬಾವಿ ಯಾಕೆ ಎಂಬುದು ಆಗ ತಿಳಿಯಿತು. ಇಡೀ ಊರು ಎರಡು ವರ್ಷದಿಂದ ಅದರ ನೀರು ಕುಡಿಯುತ್ತಿತ್ತು, ನಾನೂ ಕುಡಿಯುತ್ತಿದ್ದೆ.

ಹಂದಿಯನ್ನು ಬಗೆದಾಗ ಸಿಕ್ಕ ಗುಂಡು ಅಣಬೆಯ ಹಾಗೆ ಅರಳಿತ್ತು, ಚೂರಾಗಿರಲಿಲ್ಲ. ಅದನ್ನು ಸಿರಿಯಮ್ಮನಿಗೆ ವಾಪಸು ಕೊಡಲು ಹೋದರೆ, ನನ್ನ ಬಲೆಗೆ ಹಂದಿ ಬಿದ್ದರೆ ಎಳೆಯೋರು ಯಾರು ಎಂದು ಬೇಡ ಅಂದಳು. ತೊಡೆಯ ಮಾಂಸವನ್ನು ಮಾತ್ರ ಇಸಿದುಕೊಂಡಳು. ಬೆಟ್ಟದ ಉಳಿದ ಹಂದಿಗಳಿಗೆ ತಿಥಿ ಕಾಗದ ತಲುಪಿರಬೇಕು, ಈ ಕಡೆ ಮತ್ತೆ ಇಳಿದಿಲ್ಲ.

ಯಜಮಾನರ ಸೀಸವನ್ನು ಒಂದು ಚೂರೂ ಬೇರೆ ಬೆರೆಸದೆ ಕರಗಿಸಿ ಮತ್ತೆ ತೂಗುಗುಂಡನ್ನೇ ಎರೆದೆ. ದಾರ ಕಟ್ಟಿ ಅಡುಗೆಮನೆಯ ತೊಲೆಯಿಂದ ಇಳಿಬಿಟ್ಟೆ. ಗಾರೆ ಕೆಲಸಕ್ಕೆ ಇನ್ನು ಅದು ಬಾರದು. ನೆಟ್ಟಗೆ ನಿಲ್ಲುವುದಿಲ್ಲ, ಅವನ ಪಾದ ಹೊಕ್ಕು ಅವನ ಉಡಿದಾರದಲ್ಲಿ ಕೂತದ್ದನ್ನೂ ಮರೆಯದೆ, ಓಬಳೇಶ ಯಾವ ಕಡೆ ಇದ್ದಾನೋ ಆ ಕಡೆಗೆ ಒಂದು ಕೂದಲೆಳೆಯಷ್ಟು ವಾಲಿಕೊಂಡಿರುತ್ತದೆ. ಮಧ್ಯಾಹ್ನ ಎಸರಿಡುವಾಗ ಒಮ್ಮೆ ನೋಡುತ್ತೇನೆ. ಬಾವಿಯ ಕಡೆಗೆ ವಾಲಿದ್ದರೆ ಇನ್ನೂ ಹೊತ್ತಿದೆ ಅಂತ. ಬಾಗಿಲಿನ ಕಡೆಗೆ ತಿರುಗಿದರೆ ತಟ್ಟೆ ಇಡುತ್ತೇನೆ.